ವರ್ಚುವಲ್ ಮಷೀನಿನಲ್ಲಿ ಸೆಕ್ಯೂರ್ ಬೂಟ್ ಕೈಕೊಟ್ಟಾಗ

ಸೆಕ್ಯೂರ್ ಬೂಟ್ ಎಂದರೆ ಕಂಪ್ಯೂಟರ್ ಶುರುವಾಗುವಾಗ ನಡೆಯುವ ಸಹಿ ಪರಿಶೀಲನೆ. ಯಂತ್ರ ಚಾಲೂ ಆದ ಕ್ಷಣದಿಂದ ಆಪರೇಟಿಂಗ್ ಸಿಸ್ಟಮ್ ತೆರೆದುಕೊಳ್ಳುವ ತನಕ ಆಂಟಿವೈರಸ್ ಇನ್ನೂ ಕೆಲಸಕ್ಕೆ ಇಳಿದಿರುವುದಿಲ್ಲ. ಆ ಕೆಲವು ಸೆಕೆಂಡುಗಳಲ್ಲಿ ನುಸುಳುವ ಬೂಟ್‌ಕಿಟ್ ಎಂಬ ಕುತಂತ್ರಾಂಶ ಇಡೀ ವ್ಯವಸ್ಥೆಯನ್ನೇ ವಶಪಡಿಸಿಕೊಳ್ಳಬಲ್ಲದು. ಇದನ್ನು ತಡೆಯಲು ಯುಇಎಫ್ಐ ಫರ್ಮ್‌ವೇರ್ ತಾನು ಲೋಡ್ ಮಾಡುವ ಬೂಟ್‌ಲೋಡರಿನ ಡಿಜಿಟಲ್ ಸಹಿಯನ್ನು ನೋಡುತ್ತದೆ. ಬೂಟ್‌ಲೋಡರ್ ಕರ್ನಲ್‌ನ ಸಹಿಯನ್ನೂ, ಕರ್ನಲ್ ಡ್ರೈವರ್‌ಗಳ ಸಹಿಯನ್ನೂ ನೋಡುತ್ತವೆ. ಈ ಸರಪಳಿಯ ಯಾವುದೇ ಕೊಂಡಿಯಲ್ಲಿ ಸಹಿ ಹೊಂದದಿದ್ದರೆ ಆ ಭಾಗ ಲೋಡ್ ಆಗುವುದಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರೊಂದಿಗೆ ಇದು ಮನೆಮನೆಯ ಕಂಪ್ಯೂಟರುಗಳಿಗೂ ಹಬ್ಬಿತು.

ಪರಿಶೀಲನೆಗೆ ಬೇಕಾದ ಕೀಲಿಗಳು ನಾಲ್ಕು ಪಟ್ಟಿಗಳಲ್ಲಿ ಇರುತ್ತವೆ. ಎಲ್ಲಕ್ಕೂ ಮೇಲಿನದು ಪ್ಲಾಟ್‌ಫಾರ್ಮ್ ಕೀ. ಅದರ ಕೆಳಗೆ, ಪಟ್ಟಿಗಳನ್ನು ತಿದ್ದುವ ಅಧಿಕಾರವಿರುವ ಕೆಇಕೆ. ನಂಬಬಹುದಾದ ಸಹಿಗಳೆಲ್ಲ ಡಿಬಿ ಎಂಬ ಪಟ್ಟಿಯಲ್ಲಿದ್ದರೆ, ನಿಷೇಧಿತವಾದವು ಡಿಬಿಎಕ್ಸ್ ಎಂಬ ಪಟ್ಟಿಯಲ್ಲಿರುತ್ತವೆ. ನಿಜವಾದ ಕಂಪ್ಯೂಟರಿನಲ್ಲಿ ಇವು ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕೂತಿರುತ್ತವೆ. ವರ್ಚುವಲ್ ಮಷೀನಿಗೆ ಮದರ್‌ಬೋರ್ಡ್ ಇಲ್ಲ. ಅದರ ಫರ್ಮ್‌ವೇರ್ ಕೂಡ ಒಂದು ತಂತ್ರಾಂಶ, ಕೀಲಿಗಳ ಪಟ್ಟಿ ಹೋಸ್ಟ್ ಕಂಪ್ಯೂಟರ್ ಕಾಪಿಡುವ ದತ್ತಾಂಶ. ವರ್ಚುವಲ್ ಮಷೀನುಗಳಲ್ಲಿ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಮೊದಲ ತಪಾಸಣೆ

ಮೊದಲು ನೋಡಬೇಕಾದದ್ದು ಫರ್ಮ್‌ವೇರ್ ಯಾವುದು ಎಂಬುದನ್ನು. ಹಳೆಯ ಬಯೋಸ್ ಮಾದರಿಯಲ್ಲಿ ರಚಿಸಿದ ಮಷೀನಿನಲ್ಲಿ ಸೆಕ್ಯೂರ್ ಬೂಟ್ ಸಾಧ್ಯವೇ ಇಲ್ಲ. ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ಇದಕ್ಕೆ ಜನರೇಷನ್ 2 ಮಷೀನೇ ಬೇಕು, ಒಮ್ಮೆ ರಚಿಸಿದ ಮೇಲೆ ಜನರೇಷನ್ ಬದಲಿಸಲು ಬರುವುದಿಲ್ಲ. ವಿಎಂವೇರ್‌ನ ವಿಸ್ಪಿಯರ್‌ನಲ್ಲಿ ಈ ಸೌಲಭ್ಯ ಬಂದದ್ದು 6.5ನೇ ಆವೃತ್ತಿಯಲ್ಲಿ, ವರ್ಚುವಲ್‌ಬಾಕ್ಸ್‌ನಲ್ಲಿ 2022ರ 7.0 ಆವೃತ್ತಿಯಲ್ಲಿ. ಎರಡನೆಯದಾಗಿ, ಮಷೀನ್ ತೆರೆದುಕೊಳ್ಳುತ್ತಿದ್ದರೆ ಸೆಕ್ಯೂರ್ ಬೂಟ್ ನಿಜಕ್ಕೂ ಚಾಲ್ತಿಯಲ್ಲಿದೆಯೇ ಎಂದು ಒಳಗಿನಿಂದ ಖಚಿತಪಡಿಸಿಕೊಳ್ಳಬೇಕು. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಷನ್ ಪುಟ ಇದನ್ನು ತೋರಿಸುತ್ತದೆ. ಲಿನಕ್ಸ್‌ನಲ್ಲಿ ಮೊಕ್‌ಯುಟಿಲ್ ಎಂಬ ಸಾಧನವಿದೆ. ತೆರೆದುಕೊಳ್ಳದಿದ್ದರೆ ಪರದೆಯ ಸಂದೇಶವನ್ನು ಹಾಗೆಯೇ ಬರೆದಿಟ್ಟುಕೊಳ್ಳಬೇಕು. ಸಹಿಯನ್ನು ತಿರಸ್ಕರಿಸಿದ್ದು ಫರ್ಮ್‌ವೇರೋ ಬೂಟ್‌ಲೋಡರೋ ಕರ್ನಲ್ಲೋ ಎಂಬುದಕ್ಕೆ ಆ ಸಂದೇಶವೇ ಸುಳಿವು.

ಕೀಲಿ ಹೊಂದದಾಗ

ಹೈಪರ್-ವಿಯಲ್ಲಿ ಲಿನಕ್ಸ್ ಹಾಕುವವರಿಗೆ ಎದುರಾಗುವ ಸಾಮಾನ್ಯ ತೊಡಕು ಟೆಂಪ್ಲೇಟಿನದು. ಹೊಸ ಜನರೇಷನ್ 2 ಮಷೀನಿಗೆ ತಾನಾಗಿ ಸಿಗುವ ಟೆಂಪ್ಲೇಟ್ ವಿಂಡೋಸ್‌ನ ಸಹಿಯನ್ನು ಮಾತ್ರ ಒಪ್ಪುತ್ತದೆ. ಉಬುಂಟು, ಡೆಬಿಯನ್, ಫೆಡೋರಾಗಳ ಮೊದಲ ಬೂಟ್‌ಲೋಡರ್ ಆದ ಶಿಮ್‌ಗೆ ಸಹಿ ಹಾಕುವುದೂ ಮೈಕ್ರೋಸಾಫ್ಟೇ. ಆದರೆ ಅದಕ್ಕೆ ಬಳಸುವ ಕೀಲಿ ಬೇರೆ. ಆದ್ದರಿಂದ ಮಷೀನನ್ನು ಪೂರ್ತಿ ಆಫ್ ಮಾಡಿ, ಸೆಕ್ಯುರಿಟಿ ವಿಭಾಗದಲ್ಲಿ ಮೈಕ್ರೋಸಾಫ್ಟ್ ಯುಇಎಫ್ಐ ಸರ್ಟಿಫಿಕೇಟ್ ಅಥಾರಿಟಿ ಎಂಬ ಟೆಂಪ್ಲೇಟ್ ಆರಿಸಬೇಕು. ಸೆಕ್ಯೂರ್ ಬೂಟನ್ನು ಆಫ್ ಮಾಡುವ ಅಗತ್ಯವೇ ಬೀಳುವುದಿಲ್ಲ.

ಲಿನಕ್ಸ್ ಹೋಸ್ಟಿನ ಕೆವಿಎಂ ವ್ಯವಸ್ಥೆಯಲ್ಲಿ ಫರ್ಮ್‌ವೇರಿನ ಕೆಲಸ ಮಾಡುವುದು ಓವಿಎಂಎಫ್. ಇದು ಎರಡು ಫೈಲುಗಳ ಜೋಡಿ. ಒಂದರಲ್ಲಿ ಫರ್ಮ್‌ವೇರಿನ ಕೋಡ್ ಇರುತ್ತದೆ, ಅದು ಎಲ್ಲ ಮಷೀನುಗಳಿಗೂ ಒಂದೇ. ಇನ್ನೊಂದು ಎನ್‌ವಿರ್ಯಾಮ್ ಫೈಲು. ಪ್ರತಿ ಮಷೀನಿಗೂ ಬೇರೆಯಾದ ಇದರಲ್ಲೇ ಕೀಲಿಗಳೂ ಬೂಟ್ ಕ್ರಮವೂ ಇರುತ್ತವೆ. ಕೀಲಿಗಳನ್ನು ತುಂಬದ ಖಾಲಿ ಎನ್‌ವಿರ್ಯಾಮ್ ಜೊತೆ ಮಷೀನ್ ರಚಿಸಿದರೆ ಫರ್ಮ್‌ವೇರಿಗೆ ಸಾಮರ್ಥ್ಯವಿದ್ದರೂ ಸೆಕ್ಯೂರ್ ಬೂಟ್ ಚಾಲ್ತಿಗೆ ಬಾರದು. ರಚಿಸುವಾಗಲೇ ಕ್ಯೂ35 ಮಾದರಿಯ ಚಿಪ್‌ಸೆಟ್ಟನ್ನೂ ಕೀಲಿ ತುಂಬಿದ ಫರ್ಮ್‌ವೇರನ್ನೂ ಆರಿಸಿದರೆ ಈ ತೊಂದರೆ ಬರುವುದಿಲ್ಲ. ಮಷೀನನ್ನು ಬೇರೆ ಹೋಸ್ಟಿಗೆ ಒಯ್ಯುವಾಗ ಡಿಸ್ಕ್ ಫೈಲನ್ನಷ್ಟೇ ನಕಲು ಮಾಡಿ ಎನ್‌ವಿರ್ಯಾಮ್ ಫೈಲನ್ನು ಮರೆಯುವುದು ಇನ್ನೊಂದು ತಪ್ಪು. ಹಾಗಾದಾಗ ಹಿಂದೆ ಸೇರಿಸಿದ್ದ ಕೀಲಿಗಳೂ ಹಳೆಯ ಹೋಸ್ಟಿನಲ್ಲೇ ಉಳಿದುಬಿಡುತ್ತವೆ.

ಡ್ರೈವರಿಗೆ ಸಹಿ ಇಲ್ಲದಾಗ

ಕೆಲವೊಮ್ಮೆ ಮಷೀನ್ ಸರಿಯಾಗಿಯೇ ತೆರೆದುಕೊಳ್ಳುತ್ತದೆ, ಹೊರಗಿನಿಂದ ತಂದು ಕಂಪೈಲ್ ಮಾಡಿದ ಗ್ರಾಫಿಕ್ಸ್ ಡ್ರೈವರೋ ಮತ್ತೊಂದು ಕರ್ನಲ್ ಮಾಡ್ಯೂಲೋ ಮಾತ್ರ ಲೋಡ್ ಆಗುವುದಿಲ್ಲ. ಲಿನಕ್ಸ್ ವಿತರಣೆಯ ಕೀಲಿಯಿಂದ ಅದಕ್ಕೆ ಸಹಿ ಬಿದ್ದಿಲ್ಲದಿರುವುದೇ ಕಾರಣ. ಪರಿಹಾರವೆಂದರೆ ಸ್ವಂತ ಕೀಲಿಯೊಂದನ್ನು ಸೃಷ್ಟಿಸಿ, ಮಾಡ್ಯೂಲಿಗೆ ಅದರಿಂದ ಸಹಿ ಹಾಕಿ, ಮೊಕ್‌ಯುಟಿಲ್ ಮೂಲಕ ಕೀಲಿಯನ್ನು ನೋಂದಾಯಿಸುವುದು. ನೋಂದಣಿ ಪೂರ್ಣವಾಗುವುದು ಮರುಚಾಲನೆಯಲ್ಲಿ. ಆಗ ಮೊಕ್ ಮ್ಯಾನೇಜರಿನ ನೀಲಿ ಪರದೆ ಮೂಡಿ, ಕೆಲವೇ ಸೆಕೆಂಡು ಕಾದು, ಯಾರೂ ಕೀ ಒತ್ತದಿದ್ದರೆ ಮುಂದೆ ಸಾಗಿಬಿಡುತ್ತದೆ. ಆ ಹಂತದಲ್ಲಿ ನೆಟ್‌ವರ್ಕ್ ಇನ್ನೂ ಎದ್ದಿರುವುದಿಲ್ಲ. ದೂರದಿಂದ ಎಸ್ಎಸ್ಎಚ್ ಮೂಲಕ ಕೆಲಸ ಮಾಡುವವರು ವರ್ಚುವಲ್ ಮಷೀನಿನ ಕನ್ಸೋಲನ್ನು ಮೊದಲೇ ತೆರೆದಿಟ್ಟುಕೊಂಡು ಮರುಚಾಲನೆ ಮಾಡಬೇಕು.

ಅಪ್‌ಡೇಟಿನ ನಂತರ ನಿಂತಾಗ

ನಿನ್ನೆಯವರೆಗೆ ನಡೆಯುತ್ತಿದ್ದ ಮಷೀನ್ ಅಪ್‌ಡೇಟ್ ಆದ ಮೇಲೆ ನಿಲ್ಲುವುದೂ ಉಂಟು. 2023ರ ಫೆಬ್ರವರಿಯಲ್ಲಿ ವಿಂಡೋಸ್ ಸರ್ವರ್ 2022ರ ಮಾಸಿಕ ಅಪ್‌ಡೇಟ್ ಹಾಕಿದ ಬಳಿಕ, ವಿಸ್ಪಿಯರ್‌ನ ಹೋಸ್ಟ್ ತಂತ್ರಾಂಶವಾದ ವಿಎಂವೇರ್ ಇಎಸ್‌ಎಕ್ಸ್‌ಐ 7.0 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದ ಮಷೀನುಗಳು ತೆರೆದುಕೊಳ್ಳದೆ ಹೋದವು. ಅಪ್‌ಡೇಟನ್ನು ಹಿಂತೆಗೆದರೂ ಫಲ ಸಿಗಲಿಲ್ಲ. 8.0 ಆವೃತ್ತಿಗೆ ಈ ಬಾಧೆ ಇರಲಿಲ್ಲ; 7.0ಕ್ಕೆ ವಿಎಂವೇರ್ ಅದೇ ತಿಂಗಳು ತಿದ್ದುಪಡಿ ಬಿಡುಗಡೆ ಮಾಡಿತು. ಗೆಸ್ಟ್, ಅಂದರೆ ಮಷೀನಿನೊಳಗಿನ ಆಪರೇಟಿಂಗ್ ಸಿಸ್ಟಮ್, ಸರಿಯಾಗಿದ್ದರೂ ಹೋಸ್ಟ್ ಹಳೆಯದಾಗಿದ್ದರೆ ಇಂಥ ತೊಂದರೆ ಬರಬಹುದು.

ಲಿನಕ್ಸ್ ಅಳವಡಿಸುವ ಹಳೆಯ ಐಎಸ್‌ಒ ಫೈಲಿನಿಂದ ಬೂಟ್ ಆಗದಿರುವುದಕ್ಕೆ ಕಾರಣ ಬೇರೆ. 2020ರಲ್ಲಿ ಗ್ರಬ್ ಬೂಟ್‌ಲೋಡರಿನಲ್ಲಿ ಬೂಟ್‌ಹೋಲ್ ಎಂಬ ದೋಷ ಬಯಲಾದ ಮೇಲೆ, ದೋಷವುಳ್ಳ ಪೀಳಿಗೆಯ ಬೂಟ್‌ಲೋಡರುಗಳನ್ನು ಒಟ್ಟಾಗಿ ತಡೆಯುವ ಎಸ್‌ಬ್ಯಾಟ್ ಪದ್ಧತಿ ಜಾರಿಗೆ ಬಂತು. ಹಾಗೆ ತಡೆದ ಆವೃತ್ತಿಯ ಫೈಲನ್ನು ಬಿಟ್ಟು ಇತ್ತೀಚಿನ ಐಎಸ್‌ಒ ಇಳಿಸಿಕೊಳ್ಳುವುದೇ ದಾರಿ.

ಇದಕ್ಕೆ ಕೀಲಿಗಳ ಅವಧಿಯ ಪ್ರಶ್ನೆಯೂ ಸೇರಿದೆ. ಮೈಕ್ರೋಸಾಫ್ಟ್‌ನ 2011ರ ಸರ್ಟಿಫಿಕೇಟುಗಳ ಅವಧಿ 2026ರ ಜೂನ್ ಮತ್ತು ಅಕ್ಟೋಬರ್‌ಗಳಿಗೆ ನಿಗದಿಯಾಗಿದ್ದು, ಅವುಗಳ ಜಾಗಕ್ಕೆ 2023ರ ಸರ್ಟಿಫಿಕೇಟುಗಳು ಬಂದಿವೆ. ಅವಧಿ ಮುಗಿದ ಮಾತ್ರಕ್ಕೆ ಓಡುತ್ತಿರುವ ಮಷೀನ್ ನಿಲ್ಲುವುದಿಲ್ಲ. ಆದರೆ ಹೊಸ ಕೀಲಿಯಿಂದ ಮಾತ್ರ ಸಹಿಯಾದ ಬೂಟ್‌ಲೋಡರನ್ನು, ಹಳೆಯ ಪಟ್ಟಿಯನ್ನೇ ಇಟ್ಟುಕೊಂಡ ವರ್ಚುವಲ್ ಫರ್ಮ್‌ವೇರ್ ಗುರುತಿಸಲಾರದು. ಹಲವು ವರ್ಷಗಳ ಹಿಂದೆ ರಚಿಸಿದ ಮಷೀನುಗಳ ಎನ್‌ವಿರ್ಯಾಮ್‌ನಲ್ಲಿ ಹಳೆಯ ಪಟ್ಟಿಯೇ ಇರುವ ಸಂಭವ ಹೆಚ್ಚು.

ಸೆಕ್ಯೂರ್ ಬೂಟ್ ಆಫ್ ಮಾಡುವುದು

ಕೆಟ್ಟ ಮಷೀನನ್ನು ತೆರೆದು ನೋಡಲು ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡುವುದು ಪತ್ತೆಯ ಒಂದು ಉಪಾಯ. ಆಫ್ ಮಾಡಿದಾಗ ಮಷೀನ್ ತೆರೆದುಕೊಂಡರೆ ದೋಷ ಸಹಿಯದ್ದು. ಆಗಲೂ ತೆರೆದುಕೊಳ್ಳದಿದ್ದರೆ ಡಿಸ್ಕನ್ನೋ ಬೂಟ್ ಕ್ರಮವನ್ನೋ ಪರಿಶೀಲಿಸಬೇಕು. ಇದಕ್ಕೂ ಮುನ್ನ ಎರಡು ಎಚ್ಚರಿಕೆ ಅಗತ್ಯ. ಮಷೀನಿನ ಡಿಸ್ಕನ್ನೂ ಎನ್‌ವಿರ್ಯಾಮ್ ಫೈಲನ್ನೂ ನಕಲು ತೆಗೆದಿಡಬೇಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಕೈಯಲ್ಲಿರಬೇಕು, ಏಕೆಂದರೆ ಸೆಕ್ಯೂರ್ ಬೂಟಿನ ಸ್ಥಿತಿ ಬದಲಾದಾಗ ಬಿಟ್‌ಲಾಕರ್ ಆ ಕೀಲಿ ಕೇಳಬಹುದು. ಕಾರಣ ತಿಳಿದ ಮೇಲೆ ಆಫ್ ಮಾಡಿಯೇ ಬಿಡುವುದು ಪರಿಹಾರವಲ್ಲ. ಕೊರತೆಯಿದ್ದ ಕೀಲಿಯನ್ನು ಸೇರಿಸಿ, ಹಳೆಯದಾದ ಹೋಸ್ಟನ್ನೋ ಬೂಟ್‌ಲೋಡರನ್ನೋ ಹೊಸದಾಗಿಸಿ, ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿದಾಗಲೇ ದುರಸ್ತಿ ಮುಗಿದಂತೆ.