'ಥಿಂಕ್' ಎಂಬ ಕ್ರಿಯಾಪದವೂ ನಮ್ಮ ಗಡಿನಾಡಿನ ಮಕ್ಕಳೂ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಕಡೆ ಇಂಗ್ಲಿಷ್ ಪಾಠ ಹೇಳುವವನಿಗೆ ಎರಡಲ್ಲ, ಮೂರು ಭಾಷೆಗಳ ಸಹವಾಸ ಬೇಕೆಂಬುದು ಉಪಾಧ್ಯಾಯ ಬಂಧುಗಳಿಗೆ ವಿದಿತವೇ ಆಗಿದೆ. ಮಗು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುತ್ತದೆ. ಎಷ್ಟೋ ಮನೆಗಳಲ್ಲಿ ಇದು ತಿರುಗುಮುರುಗು. ಮೂರನೆಯದಾದ ಇಂಗ್ಲಿಷನ್ನು ನಾವು ಈ ಎರಡರ ಮೇಲೆ ಕಟ್ಟಬೇಕು. ಹಾಗೆ ಕಟ್ಟುವಾಗ ನಾವು ಎಡವಿದ ಒಂದು ಸಣ್ಣ ಕ್ರಿಯಾಪದದ ವಿಚಾರವನ್ನು ಇಲ್ಲಿ ನಿವೇದಿಸುತ್ತೇವೆ.

ಹಲವು ವರ್ಷಗಳ ಹಿಂದಿನ ಮಾತು. ಕಲ್ಯಾಣದುರ್ಗದ ಕಡೆಯ ಒಂದು ಶಾಲೆಯಲ್ಲಿ ನಾವು ಕರಿಹಲಗೆಯ ಮೇಲೆ 'ಥಿಂಕ್ ಎಂದರೆ ಯೋಚಿಸು' ಎಂದು ಬರೆದು, 'ಐ ಥಿಂಕ್ ಇಟ್ ವಿಲ್ ರೈನ್' ಎಂಬ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಲು ಹೇಳಿದೆವು. 'ಮಳೆ ಬರುತ್ತದೆಂದು ನಾನು ಯೋಚಿಸುತ್ತೇನೆ' ಎಂದು ತರಗತಿಯೆಲ್ಲ ಬರೆಯಿತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಮಳೆ ಬಂದರೆ ಯಾಕೆ ಸಾರ್ ಯೋಚನೆ? ಬರದೆ ಹೋದರಲ್ಲವಾ ಯೋಚನೆ?" ಎಂದು ಕೇಳಿದ. ಮಳೆಗಾಗಿ ಮುಗಿಲು ನೋಡುತ್ತ ಕಡಲೆಕಾಯಿ ಬಿತ್ತುವ ಸೀಮೆಯ ಮಗುವಿಗೆ ಯೋಚನೆಯೆಂದರೆ ಕಳವಳ. ಮಗಳ ಮದುವೆಯ ಯೋಚನೆ, ಸಾಲದ ಯೋಚನೆ ಎಂದು ಅದು ದಿನವೂ ಕೇಳುತ್ತದೆ.

ಅದೇ ಹುಡುಗ ಮುಂದಿನ ವಾರ 'ಮಳೆ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ' ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ, 'ಟು ಮೀ ಇಟ್ ಥಿಂಕ್ಸ್, ರೈನ್ ವಿಲ್ ಕಮ್' ಎಂದು ಬರೆದ. ನಾವು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟೆವು. ತರಗತಿಯನ್ನು ನಗಿಸಿದೆವು ಕೂಡ. ಇಂಗ್ಲಿಷಿನ ಚರಿತ್ರೆಯನ್ನು ಓದಿದ ಮೇಲೆ ಆ ನಗು ನಮ್ಮ ಕಡೆಗೇ ತಿರುಗಿತು.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇಂದಿನ ಒಂದು 'ಥಿಂಕ್' ಇರುವ ಕಡೆ ಎರಡು ಕ್ರಿಯಾಪದಗಳಿದ್ದವು. ಒಂದು 'ಥೆಂಚನ್', ಇದರರ್ಥ ಮನಸ್ಸಿನಲ್ಲಿ ವಿಚಾರಮಾಡು ಎಂದು. ಇನ್ನೊಂದು 'ಥ್ಯುಂಚನ್', ಇದರರ್ಥ ತೋರು, ಅನ್ನಿಸು ಎಂದು. ಮೊದಲನೆಯದಕ್ಕೆ ಕರ್ತೃ 'ನಾನು'. ಎರಡನೆಯದಕ್ಕೆ 'ನನಗೆ' ಎಂಬ ಚತುರ್ಥಿ ವಿಭಕ್ತಿಯೇ ಬೇಕು. ಕಾಲಾಂತರದಲ್ಲಿ ಇವುಗಳ ಉಚ್ಚಾರಣೆ ಒಂದರೊಳಗೊಂದು ಬೆರೆತು 'ಥಿಂಕ್' ಒಂದೇ ಉಳಿಯಿತು. ಸೋತ ಕ್ರಿಯಾಪದದ ಕುರುಹು ಷೇಕ್ಸ್‌ಪಿಯರನ ನಾಟಕಗಳಲ್ಲಿ ಕಾಣುವ 'ಮಿಥಿಂಕ್ಸ್' ಎಂಬ ಪದದಲ್ಲಿದೆ. ಅದನ್ನು ಬಿಡಿಸಿದರೆ 'ನನಗೆ ತೋರುತ್ತದೆ' ಎಂದೇ ಆಗುತ್ತದೆ. ಜರ್ಮನ್ ಭಾಷೆ 'ಡೆಂಕೆನ್', 'ಡ್ಯುಂಕೆನ್' ಎಂದು ಎರಡನ್ನೂ ಉಳಿಸಿಕೊಂಡಿದೆ, ಎರಡನೆಯದರ ಬಳಕೆ ಈಗ ವಿರಳವಾದರೂ. ಎಂದ ಮೇಲೆ ನಮ್ಮ ಹುಡುಗ ಮಾಡಿದ ತಪ್ಪು ಕಾಲದ ತಪ್ಪೇ ಹೊರತು ಬುದ್ಧಿಯ ತಪ್ಪಲ್ಲ.

ಇಂಗ್ಲಿಷ್ ಕಳೆದುಕೊಂಡ ಈ ಭೇದವನ್ನು ನಮ್ಮ ಎರಡು ಭಾಷೆಗಳೂ ಕಾಪಾಡಿಕೊಂಡಿವೆ. ಕನ್ನಡದಲ್ಲಿ 'ನಾನು ಅಂದುಕೊಂಡೆ', 'ನನಗೆ ಅನ್ನಿಸಿತು'. ತೆಲುಗಿನಲ್ಲಿ 'ನೇನು ಅನುಕುನ್ನಾನು', 'ನಾಕು ಅನಿಪಿಂಚಿಂದಿ'. ಎಲ್ಲಕ್ಕೂ ಮೂಲ 'ಅನ್ನು', ಅಂದರೆ ಹೇಳು. ತನಗೆ ತಾನೇ ಹೇಳಿಕೊಳ್ಳುವುದೇ ಅಂದುಕೊಳ್ಳುವುದು. ಯಾವುದೋ ಒಂದು ನಮ್ಮಿಂದ ಹಾಗೆ ಅನ್ನಿಸಿದರೆ ಅದು ಅನ್ನಿಸುವುದು. 'ತೋಚು' ಎಂಬುದೂ ಎರಡು ಕಡೆಯೂ ಉಂಟು. 'ಏನೂ ತೋಚಲಿಲ್ಲ' ಎಂದರೆ ಮಡಕಶಿರದ ಮುದುಕಿಗೂ ಅರ್ಥವಾಗುತ್ತದೆ, 'ಏಮೀ ತೋಚಲೇದು' ಎಂದರೂ ಅರ್ಥವಾಗುತ್ತದೆ.

ತೆಲುಗು ಮನೆಮಾತಿನ ಮಕ್ಕಳು 'ಐ ಆಮ್ ಥಿಂಕಿಂಗ್ ಹೀ ಈಸ್ ಎ ಗುಡ್ ಬಾಯ್' ಎಂದು ಬರೆಯುವುದಕ್ಕೂ ಕಾರಣವುಂಟು. ತಮ್ಮ ಅಭಿಪ್ರಾಯ ಹೇಳುವಾಗ ಅವರು 'ಅನುಕುಂಟುನ್ನಾನು' ಎಂದು ನಡೆಯುತ್ತಿರುವ ಕ್ರಿಯೆಯ ರೂಪವನ್ನೇ ಬಳಸುತ್ತಾರೆ. ಅದನ್ನೇ ಇಂಗ್ಲಿಷಿಗೆ ತರುತ್ತಾರೆ. ಕನ್ನಡದ ಮಗು 'ಅಂದುಕೊಂಡಿದ್ದೇನೆ' ಎನ್ನುವುದರಿಂದ ಅದರ ತಪ್ಪು ಬೇರೆ ಬಗೆಯದು. ಒಂದೇ ಬೆಂಚಿನ ಇಬ್ಬರು ಮಕ್ಕಳಿಗೆ ಒಂದೇ ತಿದ್ದುಪಡಿ ಸಾಲದೆಂದು ನಮ್ಮ ಅನುಭವ.

ಉಳಿದ ಪದಗಳನ್ನೂ ಸ್ವಲ್ಪ ನೋಡಬಹುದು. 'ಆಲೋಚಿಸು' ಸಂಸ್ಕೃತದ 'ಲೋಚ್' ಧಾತುವಿನಿಂದ ಬಂದದ್ದು. ಕಣ್ಣಿಗೆ ಹೇಳುವ 'ಲೋಚನ'ಕ್ಕೂ ಅದೇ ಮೂಲ. ಸಂಸ್ಕೃತದಲ್ಲಿ ಬರಿಯ ವಿಚಾರಕ್ಕೂ ಸಲ್ಲುತ್ತಿದ್ದ 'ಚಿಂತೆ' ನಮ್ಮಲ್ಲಿ ದುಗುಡವಾಗಿದೆ. ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಗೆ ಹೋದರೆ ಅಲ್ಲಿ 'ಚಿಂತ' ಮೂಟೆಗಟ್ಟಲೆ ಸಿಕ್ಕುತ್ತದೆ. ತೆಲುಗಿನ ಆ ಹುಣಸೆಗೂ ಈ ಚಿಂತೆಗೂ ನಂಟಿಲ್ಲ, ಧಾರಣೆ ಬಿದ್ದ ದಿನದ ಹೊರತು. ಇಂಗ್ಲಿಷಿನ 'ಥ್ಯಾಂಕ್' ಸಹ 'ಥಿಂಕ್'ನ ಒಡಹುಟ್ಟೆಂದರೆ ಮಕ್ಕಳು ನಂಬಲಾರರು. ಹಿಂದೆ ಅದಕ್ಕೆ ಮನಸ್ಸಿನ ಭಾವನೆ ಎಂಬ ಅರ್ಥವಿತ್ತು. ಅದು ಒಳ್ಳೆಯ ಭಾವನೆಯಾಗಿ, ಉಪಕಾರ ನೆನೆಯುವುದಾಯಿತು. ನಮ್ಮಲ್ಲಿಯೂ 'ಅವರನ್ನು ದಿನಾ ನೆನೆಯುತ್ತೇವೆ' ಎಂದರೆ ಬರಿಯ ಜ್ಞಾಪಕವಲ್ಲ, ಕೃತಜ್ಞತೆಯೂ ಸೇರಿರುತ್ತದೆ.

ನಮಗೆ ಅತ್ಯಂತ ಪ್ರಿಯವಾದದ್ದು 'ಎಣಿಸು'. 1894ರಲ್ಲಿ ಹೊರಬಂದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಇದಕ್ಕೆ ಲೆಕ್ಕಮಾಡು, ಭಾವಿಸು ಎಂಬ ಎರಡು ಅರ್ಥಗಳೂ ಉಂಟು. ಕುಂದಾಪುರದ ಕಡೆ ಇಂದಿಗೂ 'ನಾನು ಹಾಗೆ ಎಣಿಸಿದ್ದೆ' ಎನ್ನುತ್ತಾರೆ. ತಮಿಳಿನಲ್ಲಿ 'ಎಣ್' ಸಂಖ್ಯೆ, 'ಎಣ್ಣಂ' ವಿಚಾರ. ತೆಲುಗಿನಲ್ಲಿ ಈ ಕುಲದ 'ಎನ್ನಿಕ' ಚುನಾವಣೆಯಾಗಿ ಹಿಂದೂಪುರದ ಗೋಡೆಗಳ ಮೇಲೆ ಆಗಾಗ ಕಾಣಿಸಿಕೊಳ್ಳುತ್ತದೆ.

ಈಗ ನಾವು ಕರಿಹಲಗೆಯ ಮೇಲೆ ಒಂದು ಅರ್ಥ ಬರೆಯುವುದನ್ನು ಬಿಟ್ಟು ಮೂರು ವಾಕ್ಯ ಬರೆಯುತ್ತೇವೆ: 'ಮಳೆ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ', 'ನೀನು ಹೋದೆ ಎಂದುಕೊಂಡಿದ್ದೆ', 'ಈ ಲೆಕ್ಕವನ್ನು ಯೋಚಿಸಿ ಮಾಡು'. ಮೂರಕ್ಕೂ ಇಂಗ್ಲಿಷಿನಲ್ಲಿ 'ಥಿಂಕ್' ಒಂದೇ ಸಾಕೆಂದು ತಿಳಿದಾಗ ಮಕ್ಕಳು, 'ಇಂಗ್ಲಿಷಿಗೆ ಪದ ಕಡಿಮೆ' ಎಂದು ಮರುಗುತ್ತಾರೆ! ನಮ್ಮ ಗಡಿಯ ಹಳ್ಳಿಗಳ ಹಿರಿಯರ ಬಾಯಲ್ಲಿ 'ಎಣಿಸು' ಇನ್ನೂ ಭಾವಿಸು ಎಂಬ ಅರ್ಥದಲ್ಲಿ ಉಳಿದಿದ್ದರೆ, ಕೇಳಿದ ಬಂಧುಗಳು ಆ ವಾಕ್ಯವನ್ನು ಊರಿನ ಹೆಸರಿನೊಡನೆ ಬರೆದುಕೊಂಡು ಸಂಘಕ್ಕೆ ಕಳಿಸಿಕೊಡಬೇಕಾಗಿ ಕೋರುತ್ತೇವೆ.