ಚರ್ಚ್ ಹಿತ್ತಲಿನ ಮೆಂತ್ಯ, ಅಲೀಪುರದ ನೀರು

ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ಎದ್ದಿರ್ತೀನಿ ಅಂದ್ರೆ ನಮ್ಮ ಟೀಮ್‌ನಲ್ಲಿ ಯಾರೂ ನಂಬಲ್ಲ. ಆದರೆ ಕಳೆದ ವರ್ಷ ಜೂನ್‌ನಿಂದ ಅದೇ ನನ್ನ ರೂಢಿ.

ಬೆಂಗಳೂರಿನ ನನ್ನ ಬಾಡಿಗೆ ಮನೆಯ ಎದುರಿಗೆ ಒಂದು ಚರ್ಚ್ ಇದೆ. ಅದರ ಹಿತ್ತಲಲ್ಲಿ ಪಾರ್ಥೇನಿಯಂ ಬೆಳೆದು, ಒಡೆದ ಟೈಲ್ಸ್ ರಾಶಿ ಬಿದ್ದಿತ್ತು. ಧರ್ಮಕೇಂದ್ರದ ಹುಡುಗರು ಅಲ್ಲಿ ತರಕಾರಿ ತೋಟ ಮಾಡಲು ಹೊರಟು, ‘ಯಾರು ಬೇಕಾದರೂ ಬನ್ನಿ’ ಅಂತ ಗೇಟಿಗೆ ಚೀಟಿ ಅಂಟಿಸಿದ್ದರು. ನಾನು ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮುಸಲ್ಮಾನ ಹುಡುಗ. ಹೋದೆ. ಫಾದರ್ ಕೇಳಿದ್ದು ಒಂದೇ ಪ್ರಶ್ನೆ: “ಗುದ್ದಲಿ ಹಿಡಿದು ಅಭ್ಯಾಸ ಇದೆಯಾ?” ಇಲ್ಲ ಅಂದೆ. “ಹಾಗಾದ್ರೆ ಬೆನ್ನು ಹುಷಾರು” ಅಂದರು.

ಚರ್ಚಿಗೂ ಮಣ್ಣಿಗೂ ನಂಟು ಹೊಸದಲ್ಲ. ಮಂಗಳೂರು ಕಡೆಯ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆಯನ್ನು ಚರ್ಚಿಗೆ ತಂದು ಆಶೀರ್ವಾದ ಪಡೆಯುತ್ತಾರೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಅಂತ ಕರೆದ ಮೇಲೆ ಇಂಥ ಕೆಲಸಕ್ಕೆ ಇನ್ನಷ್ಟು ಬಲ ಬಂತು. ಬೆಂಗಳೂರಿನಲ್ಲಂತೂ ತಾರಸಿ ತೋಟದವರ ‘ಊಟ ಫ್ರಂ ಯುವರ್ ತೋಟ’ ಮೇಳ 2011ರಲ್ಲೇ ಶುರುವಾಗಿದೆ. ಅದರ ಹಿಂದಿನ ಡಾ. ಬಿ.ಎನ್. ವಿಶ್ವನಾಥ್ ಅವರ ಹೆಸರು ಇಲ್ಲಿ ಕೈತೋಟ ಮಾಡುವ ಯಾರಿಗೂ ಹೊಸದಲ್ಲ.

ಮೊದಲ ಶನಿವಾರ ಇಪ್ಪತ್ತೆರಡು ಜನ. ಸೆಲ್ಫಿಯೋ ಸೆಲ್ಫಿ. ನಾಲ್ಕನೇ ವಾರಕ್ಕೆ ಉಳಿದವರು ಆರು! ಬದನೆ ಸಸಿ ಬಾಡಿತು. ‘ನೀರು ಯಾರು ಹಾಕಬೇಕಿತ್ತು?’ ಅಂತ ಗ್ರೂಪ್‌ನಲ್ಲಿ ಜಗಳ. ನಾನು ಬುದ್ಧಿವಂತಿಕೆ ತೋರಿಸಿ ಶೀಟ್ ಮಾಡಿ ಹಂಚಿದೆ. ಅದನ್ನು ತುಂಬಿದವರು ಇಬ್ಬರು, ಅದರಲ್ಲಿ ಒಬ್ಬ ನಾನೇ.

ದಾರಿ ತೋರಿಸಿದ್ದು ಪಕ್ಕದ ಬೀದಿಯ ಅಜ್ಜಿ. “ಎಲ್ಲರ ತೋಟ ಅಂದ್ರೆ ಯಾರದೂ ಅಲ್ಲ ಮಗಾ. ಒಂದೊಂದು ಪಾತಿ ಒಂದೊಂದು ಮನೆಗೆ ಕೊಡು” ಅಂದರು. ಹಾಗೇ ಮಾಡಿದೆವು. ಪಾತಿಗೆ ಹೆಸರಿನ ಹಲಗೆ ಬಿತ್ತು. ಊರಿಗೆ ಹೋಗುವವರು ಪಕ್ಕದ ಪಾತಿಯವರಿಗೆ ಹೇಳಿ ಹೋಗತೊಡಗಿದರು. ಶುರುವಿಗೆ ಬೇಗ ಬರುವ ಮೆಂತ್ಯ, ದಂಟು. ತಿಂಗಳೊಳಗೆ ಕಿತ್ತು ಮನೆಗೆ ಒಯ್ದ ಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಆಮೇಲೆ ಮೂಲಂಗಿ, ಅಲಸಂದೆ, ಬದನೆ.

ನನ್ನ ಸ್ವಂತ ಪಾಠ ಬೇರೆಯೇ ಇತ್ತು. ಆ ದಿನಗಳಲ್ಲಿ ಊರಿಂದ ಅಬ್ಬಾ ದಿನವೂ ಫೋನ್ ಮಾಡುತ್ತಿದ್ದರು: “ಇನ್ನೊಂದು ಬೋರ್ ಕೊರೆಸೋಣ, ಲೋನ್ ತಗೋ.” ಎರಡು ಬೋರ್ ಆಗಲೇ ಬತ್ತಿವೆ. ನಮ್ಮದು ವರ್ಷವಿಡೀ ಹರಿಯುವ ನದಿಯೇ ಇಲ್ಲದ ಜಿಲ್ಲೆ. ಕೊರೆದಷ್ಟೂ ನೀರು ಕೆಳಗೆ. ಸಿಕ್ಕ ನೀರಲ್ಲೂ ಗೌರಿಬಿದನೂರು ಕಡೆ ಫ್ಲೋರೈಡ್ ಕಾಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಬೇಡ ಅಂದರೆ ಅಬ್ಬಾಗೆ ನೋವು, ಹೂಂ ಅಂದರೆ ನನಗೆ ಸಾಲ. ಎರಡು ತಿಂಗಳು ಸರಿಯಾಗಿ ಮಾತಾಡಲೇ ಇಲ್ಲ.

ಚರ್ಚ್ ತೋಟಕ್ಕೆ ನಾವು ಹೊಸ ನೀರು ತಂದಿರಲಿಲ್ಲ. ಕೈ ತೊಳೆಯುವ ನಲ್ಲಿಯ ನೀರು, ತರಕಾರಿ ತೊಳೆದ ನೀರು ಒಂದು ಡ್ರಮ್‌ಗೆ, ಅಲ್ಲಿಂದ ಪೈಪಿನಲ್ಲಿ ಪಾತಿಗೆ. ಅದನ್ನು ನೋಡುವಾಗ ಊರಿನ ಮಸೀದಿ ನೆನಪಾಯಿತು. ನಮಾಜಿಗೆ ಮುಂಚೆ ಮುಖ, ಕೈ ತೊಳೆಯುವ ವುಜೂ ನೀರಿಗೆ ಸೋಪು ಸೇರುವುದೇ ಇಲ್ಲ. ಅಷ್ಟು ಒಳ್ಳೆ ನೀರು ಸೀದಾ ಚರಂಡಿಗೆ.

ಊರಿಗೆ ಹೋದಾಗ ಬಕೆಟ್ ಇಟ್ಟು ಅಳೆದೆ. ನಲ್ಲಿ ಬಿಟ್ಟು ಮಾಡಿದರೆ ಒಬ್ಬರಿಗೆ ಸುಮಾರು ಮೂರು ಲೀಟರ್. ಐವತ್ತು ಜನಕ್ಕೆ ನೂರೈವತ್ತು. ಬೇಸಿಗೆಯಲ್ಲಿ ಚದರ ಮೀಟರಿಗೆ ಐದು ಲೀಟರ್ ಹಾಕಿದರೂ ಮೂವತ್ತು ಚದರ ಮೀಟರ್ ಸೊಪ್ಪಿನ ಪಾತಿಗೆ ಸಾಕು.

ಇದರಿಂದ ಅಬ್ಬಾನ ಹೊಲ ಹಸಿರಾಗಲ್ಲ, ಆ ಸುಳ್ಳು ಹೇಳಲಾರೆ. ಆದರೆ ಬಳಸಿದ ನೀರೂ ನೀರೇ. ಬೆಂಗಳೂರಿನವರು ಬಳಸಿದ ನೀರನ್ನೇ ಸಂಸ್ಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿಲ್ಲವೇ?

ಲೆಕ್ಕದ ಚೀಟಿಯನ್ನು ಅಬ್ಬಾ ಮುಂದಿಟ್ಟೆ. ಹರಳಿಗೆ ಸಾಣೆ ಹಿಡಿದು ಸಂಸಾರ ತೂಗಿಸಿದ ಮನುಷ್ಯ, ಕಣ್ಣು ಕಿರಿದು ಮಾಡಿ ಎರಡು ಸಲ ಓದಿದರು. ನಮ್ಮೂರಲ್ಲಿ ಮೊಹರಂ ಅಂದರೆ ಕರ್ಬಲಾದ ಬಾಯಾರಿಕೆ ನೆನೆದು ದಾರಿಹೋಕರಿಗೆ ನೀರು, ಶರಬತ್ತು ಕೊಡುವ ದಿನ. “ನೀರಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೂ ಚರಂಡಿಗೆ ಬಿಡ್ತಿದ್ದೀವಲ್ಲ” ಅಂದರು. ಸಾಲದ ಮಾತು ಆ ದಿನ ಬರಲಿಲ್ಲ.

ಕಮಿಟಿಯವರು ಹಿಂದಿನ ಜಾಗ ತೋರಿಸಿದ್ದಾರೆ. ಮಳೆಗೆ ಮುಂಚೆ ಪೈಪ್ ತಿರುಗಿಸಬೇಕು. ಡ್ರಮ್ ಕೊಡ್ತೀವಿ ಅಂತ ಚರ್ಚ್ ಹುಡುಗರು ಹೇಳಿದ್ದಾರೆ. ಅಜ್ಜಿ ಮೆಂತ್ಯ ಬೀಜ ಕಟ್ಟಿಕೊಟ್ಟಿದ್ದಾರೆ.

ನಿಮ್ಮ ಬೀದಿಯ ಗುಡಿ, ಮಸೀದಿ, ಚರ್ಚ್ ಹಿಂದೆ ಏನಿದೆ ಅಂತ ಈ ಶನಿವಾರ ಒಮ್ಮೆ ಇಣುಕಿ ನೋಡಿ. ಒಂದು ಪಾತಿ ಸಾಕು. ಹಲಗೆಯ ಮೇಲೆ ನಿಮ್ಮ ಹೆಸರು ಮಾತ್ರ ಬರೆಯಲೇಬೇಕು.