ಬೋಳುಗುಡ್ಡ ಬೋಳಲ್ಲ: ಗಿರಿನೆತ್ತಿಯ ಸಸ್ಯಗಳ ವಿಂಗಡಣೆ

ಮಲೆನಾಡಿನ ರೈತ ಬಾಂಧವರಿಗೆ ಬೋಳುಗುಡ್ಡ ಹೊಸದಲ್ಲ. ಮುಳ್ಳಯ್ಯನಗಿರಿ (1,930 ಮೀಟರ್), ಬಾಬಾಬುಡನ್‌ಗಿರಿ, ಕುದುರೆಮುಖ ಇವುಗಳ ನೆತ್ತಿಯ ಮೇಲೆಲ್ಲ ಹುಲ್ಲು; ಕಣಿವೆಯ ಮಡಿಲುಗಳಲ್ಲಿ ಮಾತ್ರ ಶೋಲಾ ಎಂಬ ಒತ್ತಾದ ಗಿಡ್ಡ ಕಾಡು. "ಇಷ್ಟು ಮಳೆ ಬೀಳುವಲ್ಲಿ ಮರವೇಕಿಲ್ಲ? ಹಿಂದೆ ಯಾರೋ ಕಡಿದಿರಬೇಕು" ಎಂದು ಹಲವರು ಹೇಳುವುದುಂಟು. ಈ ಊಹೆ ಸರಿಯೇ ಎಂಬುದನ್ನು ತಿಳಿಯಲು ಅಲ್ಲಿನ ಸಸ್ಯಸಮುದಾಯ ಯಾವುದೆಂದು ಗುರುತಿಸಬೇಕು.

ಸಸ್ಯಸಮುದಾಯವೆಂದರೆ ಕೂಡಿ ಬಾಳುವ ಗಿಡಗಳ ಗುಂಪು. ಬರಿಯ ಕಳೆಗಳನ್ನು ನೋಡಿಯೇ ಇದು ಭತ್ತದ ಗದ್ದೆ, ಇದು ರಾಗಿ ಹೊಲ ಎಂದು ನೀವು ಹೇಳಬಲ್ಲಿರಷ್ಟೆ. ಗಿರಿಶಿಖರದಲ್ಲಿಯೂ ಹಾಗೆಯೇ. ಒಂದು ಗಿಡ ಎಲ್ಲಿಯಾದರೂ ಬಂದೀತು; ಅದರ ಜೊತೆಗಾರರನ್ನೂ ಸೇರಿಸಿ ನೋಡಿದಾಗಲೇ ನೆಲದ ಗುಣ ತಿಳಿಯುವುದು.

ಯುರೋಪಿನ ಆಲ್ಪ್ಸ್ ಪರ್ವತಗಳ ಸಸ್ಯಗಳನ್ನು ಹೀಗೆ ವಿಂಗಡಿಸಿದ ಬ್ರೌನ್-ಬ್ಲಾಂಕೆ ಎಂಬ ವಿಜ್ಞಾನಿ 1928ರಲ್ಲಿ ಈ ವಿಧಾನದ ಗ್ರಂಥವನ್ನು ಪ್ರಕಟಿಸಿದರು. ಒಂದೇ ತೆರನಾಗಿ ಕಾಣುವ ಜಾಗದಲ್ಲಿ ಚೌಕ ಹಾಕಿ, ಒಳಗಿನ ಪ್ರತಿ ಗಿಡದ ಹೆಸರು ಬರೆದು, ಅದು ನೆಲವನ್ನು ಎಷ್ಟು ಮುಚ್ಚಿದೆ ಎಂಬುದಕ್ಕೆ ಅಂಕ ಕೊಡಬೇಕು. ಮುಕ್ಕಾಲು ಪಾಲಿಗಿಂತ ಹೆಚ್ಚಾದರೆ 5, ಅರ್ಧದಿಂದ ಮುಕ್ಕಾಲಿಗೆ 4, ಕಾಲಿನಿಂದ ಅರ್ಧಕ್ಕೆ 3, ಶೇಕಡಾ 5ರಿಂದ 25ಕ್ಕೆ 2, ಅದಕ್ಕೂ ಕಡಿಮೆಯಾದರೆ 1. ಹಲವು ಚೌಕಗಳ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟರೆ ಯಾವ ಗಿಡಗಳು ಜೊತೆಗೂಡಿ ಬರುತ್ತವೆ ಎಂಬುದು ತಾನಾಗಿ ಎದ್ದು ಕಾಣುತ್ತದೆ.

ಇಟ್ಟ ಹೆಸರು ತಪ್ಪಿದರೆ ಏನಾಗುತ್ತದೆ? ಚಾಂಪಿಯನ್ ಮತ್ತು ಸೇಠ್ ಅವರು 1968ರಲ್ಲಿ ಪ್ರಕಟಿಸಿದ ಭಾರತದ ಅರಣ್ಯ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಶೋಲಾ ಕಾಡಿಗೆ ಸ್ವಂತ ಸ್ಥಾನ ದೊರೆಯಿತು. ಸುತ್ತಲಿನ ಹುಲ್ಲುಗಾವಲು ಮಾತ್ರ ಆ ಕಾಡು ಕ್ಷೀಣಿಸಿ ಉಳಿದ ಹಂತವೆಂದು ದಾಖಲಾಯಿತು. ಕ್ಷೀಣಿಸಿದ ನೆಲವೆಂದ ಮೇಲೆ ಮರ ನೆಡುವುದೇ ಉದ್ಧಾರವೆಂಬ ವಾದಕ್ಕೆ ಬಲ ಬಾರದಿರುತ್ತದೆಯೇ? ನೀಲಗಿರಿ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಅದಕ್ಕೂ ಮೊದಲಿನಿಂದಲೇ ವಾಟಲ್ ಮತ್ತು ಯೂಕಲಿಪ್ಟಸ್ ನೆಡುತ್ತಿದ್ದರು. (ಆಸ್ಟ್ರೇಲಿಯದ ಈ ಎರಡನೆಯ ಮರವನ್ನು ನಾವು 'ನೀಲಗಿರಿ' ಎಂದೇ ಕರೆಯುತ್ತಿರುವುದು ವಿಚಿತ್ರ!) ವಾಟಲ್ ಈಗ ಯಾರೂ ನೆಡದಿದ್ದರೂ ತಾನಾಗಿ ಹಬ್ಬುತ್ತಿದೆ.

ಆದರೆ ಆ ಬೆಟ್ಟಗಳ ಜೌಗು ಮಣ್ಣು ಬೇರೆಯೇ ಕಥೆ ಹೇಳಿತು. ಜೋಳ, ರಾಗಿಯ ಗುಂಪಿನ ಹುಲ್ಲುಗಳು ಇಂಗಾಲವನ್ನು ಹಿಡಿಯುವ ರೀತಿ ಒಂದು, ಮರಗಳದು ಇನ್ನೊಂದು. ಕೊಳೆತು ಮಣ್ಣಾದ ಮೇಲೂ ಈ ಗುರುತು ಅಳಿಸುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ, ಅಂದರೆ ಮನುಷ್ಯನ ಬೇಸಾಯಕ್ಕಿಂತ ಬಹಳ ಮುಂಚೆಯೇ, ಅಲ್ಲಿ ಹುಲ್ಲು ಹರಡಿತ್ತು. ಮಂಜು ಹೆಪ್ಪುಗಟ್ಟುವ ಚಳಿಯನ್ನು ಬಯಲಿನಲ್ಲಿ ಶೋಲಾ ಸಸಿಗಳು ತಾಳಲಾರವು. ಹುಲ್ಲಿಗೆ ಆ ತೊಂದರೆಯಿಲ್ಲ.

ಹಾಗೆಂದು ಪ್ರತಿ ಹುಲ್ಲುಗುಡ್ಡವೂ ಪುರಾತನವೆಂದು ತಿಳಿಯಬಾರದು. ಕಾಡು ಕಡಿದು, ಬೆಂಕಿ ಹಾಕಿದ್ದರಿಂದ ಬೋಳಾದ ಗುಡ್ಡಗಳೂ ಮಲೆನಾಡಿನಲ್ಲಿವೆ. ಅಲ್ಲಿ ಊರಿನ ಮರಗಳನ್ನು ಬೆಳೆಸುವುದು ಸೂಕ್ತವೇ. ನೆತ್ತಿಯ ಚೌಕಗಳಲ್ಲಿ ಥೀಮೆಡ, ಅರುಂಡಿನೆಲ್ಲದಂಥ ಬಹುವಾರ್ಷಿಕ ಹುಲ್ಲುಗಳ ಜೊತೆ ಗುರಿಗೆ, ನೆಲದ ಸೀತಾಳೆ, ಕೀಟ ಹಿಡಿಯುವ ಪುಟ್ಟ ಗಿಡಗಳು ಸಿಕ್ಕಿದರೆ ಅಕೇಸಿಯ ಸಸಿಗಳನ್ನು ಹೊತ್ತು ಅಲ್ಲಿಗೆ ಹೋಗಬೇಡಿರಿ. ಲಂಟಾನ, ಯುಪಟೋರಿಯಂ ತುಂಬಿದ್ದರೆ ನೆಲ ಕೆದಕಲ್ಪಟ್ಟಿದೆ ಎಂದರ್ಥ.

ನಿಮ್ಮೂರಿನ ಗುಡ್ಡದಲ್ಲಿ ಇದನ್ನು ಮಾಡಲು ನಾಲ್ಕು ಗೂಟ, ಹಗ್ಗ, ಒಂದು ಪುಸ್ತಕ ಸಾಕು. ಚೌಕದ ಬದಿ ಒಂದು ಮೀಟರ್ ಇರಲಿ. ಮಳೆ ಇಳಿದು ಹುಲ್ಲು ತೆನೆ ಬಿಟ್ಟ ಸೆಪ್ಟೆಂಬರ್-ಅಕ್ಟೋಬರ್ ತಿಂಗಳು ಅನುಕೂಲ. ರಕ್ಷಿತ ಅರಣ್ಯವಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಗುರುತು ಸಿಗದ ಹುಲ್ಲನ್ನು ತೆನೆಯ ಸಮೇತ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟು, ಸ್ಥಳ ಮತ್ತು ದಿನಾಂಕ ಬರೆದು, ಹತ್ತಿರದ ಕೃಷಿ ಕಾಲೇಜಿಗೆ ತಲುಪಿಸಿರಿ.